ಹೂಂಗುಟ್ಟಿದ ವರ್ಷ

ತೊಂಬತ್ತೆರಡನೇ ಇಸವಿ ಒಮ್ಮೆ ತೊಲಗಿದರೆ ಸಾಕು ಅನ್ನಿಸಿಬಿಟ್ಟಿತ್ತು ಶಿಡ್ಲಘಟ್ಟದ ದಿಲ್ಷಾದ್ ಬೇಗಂಗೆ. ಯುಗಾದಿ ಕಳೆದ ವಾರ ಮಗ ಅಸ್ಗರ್ ಅಪ್ಪನ ಜೊತೆ ಜಗಳವಾಡಿ, ಬೈಸಿಕೊಂಡು, ಹೆಂಡತಿಯೊಂದಿಗೆ ಚಿಂತಾಮಣಿಗೆ ಹೋಗಿ ಬೇರೆ ಮನೆ ಮಾಡಿದ. ಬರಗಾಲದಲ್ಲಿ ಅಧಿಕಮಾಸ ಅನ್ನುವ ಹಾಗೆ, ತಿಂಗಳು ತುಂಬುವುದರೊಳಗೆ ಗಂಡ ತಾಜ್ ಪಾಷಾಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು.

ಅವರದು ರೇಷ್ಮೆ ನೂಲು ತೆಗೆಯುವ ಮನೆ. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆ ಹಿಡಿಯುವವಳು ದಿಲ್ಷಾದ್, ಚರಕ ತಿರುಗಿಸುತ್ತಿದ್ದವನು ಅಸ್ಗರ್. ಬೆಳಿಗ್ಗೆ ಗೂಡು ಕೊಂಡು ತರುವುದು ತಾಜ್ ಪಾಷಾನ ಕೆಲಸ. ಮಧ್ಯಾಹ್ನವಾದರೆ ಲೈಬ್ರರಿಯಿಂದ ತಂದ ಕನ್ನಡ ಕಾದಂಬರಿ ಹಿಡಿದು ಮನೆಮಂದಿಗೆಲ್ಲ ಓದುತ್ತಿದ್ದ. ಕೆಲಸದವರ ಕೈಗೆ ಬಿಡುವಿಲ್ಲದಿದ್ದರೇನು, ಕಿವಿಗಿತ್ತು. ಚರಕದ ಗಡಗಡಕ್ಕಿಂತ ಅವನ ಗಂಟಲು ದೊಡ್ಡದು. ಕೇಳುವವರು ಮಾತುಮಾತಿಗೂ ಹೂಂಗುಟ್ಟಬೇಕು. ಇಲ್ಲದಿದ್ದರೆ ಪುಸ್ತಕ ಮಡಚಿ, "ಗೋಡೆಗೆ ಓದ್ಲಾ ನಾನು?" ಅನ್ನುತ್ತಿದ್ದ.

ಲಕ್ವ ಹೊಡೆದ ಮೇಲೂ ಆಸಾಮಿ ಬಿಡಲಿಲ್ಲ. ಬಾಗಿಲಿಗೆ ಮುಖ ಮಾಡಿ ಮಂಚ ಹಾಕಿಸಿಕೊಂಡು, ಎಡಗೈಯಲ್ಲಿ ಪುಸ್ತಕ ಹಿಡಿದು ದಿನಾ ಮಧ್ಯಾಹ್ನ ತೊದಲುವನು. ಉಳಿದ ಹೊತ್ತು ಸನ್ನೆಯೇ ಮಾತು. ಗೂಡು ತರುವ ಕೆಲಸ ದಿಲ್ಷಾದ್ ಪಾಲಿಗೆ, ಅಸ್ಗರ್ ಬಿಟ್ಟುಹೋದ ಚರಕ ಈಗ ಮಗಳು ಅಜೀಜಾಳ ಪಾಲಿಗೆ ಬಂದಿತ್ತು. ಅದರ ಸದ್ದಿನಲ್ಲಿ ಅಪ್ಪನ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೂ ತಾಯಿ ಮಗಳು ಹೂಂಗುಟ್ಟಿದರು. ಕಾಯಿಲೆ ಮನುಷ್ಯನ ಮನಸ್ಸು ನೋಯಿಸುವುದೇಕೆ? ನಿಜ ಹೇಳಬೇಕೆಂದರೆ ದಿಲ್ಷಾದ್‌ಗೆ ಸಾಕುಸಾಕಾಗಿತ್ತು. ಬೆರಳು ಬೆಂದಿರುತ್ತಿದ್ದವು, ಸೊಂಟ ಹಿಡಿದಿರುತ್ತಿತ್ತು. ಇವರ ಓದು ಯಾವಾಗ ಮುಗಿಯುತ್ತೋ ಎಂದು ಒಳಗೊಳಗೇ ಗೊಣಗುವಳು, ಬಾಯಲ್ಲಿ ಮಾತ್ರ ಹೂಂ.

ಡಿಸೆಂಬರಿನಲ್ಲಿ ಎಲ್ಲೋ ದೂರದ ಗಲಭೆಯ ಸುದ್ದಿಗೆ ಇಲ್ಲಿ ಅಂಗಡಿಗಳು ಮುಚ್ಚಿದವು. ಗೂಡು ಬರಲಿಲ್ಲ, ಚರಕ ನಿಂತಿತು. ಪಕ್ಕದ ಮನೆಯ ಆದಿಲಕ್ಷ್ಮಮ್ಮ ಹಾಲು ತಂದುಕೊಟ್ಟು, "ನಾಲ್ಕು ದಿನ ಬಾಗ್ಲು ಹಾಕ್ಕೊಂಡೇ ಇರ್ರಮ್ಮ" ಎಂದು ಹೇಳಿ ಹೋದಳು. ಅಜೀಜಾ ಅಗುಳಿ ಹಾಕಿದಳು.

ತಾಜ್ ಪಾಷಾ ಎಂದಿನಂತೆ ಪುಸ್ತಕ ಬಿಚ್ಚಿದ. ಅಭ್ಯಾಸಬಲದಿಂದ ಹೂಂ ಅನ್ನಹೊರಟ ದಿಲ್ಷಾದ್‌ಗೆ, ಸದ್ದಿಲ್ಲದ ಮನೆಯಲ್ಲಿ ಅವನ ಮಾತು ಮೊದಲ ಸಲ ಬಿಡಿಬಿಡಿಯಾಗಿ ಕೇಳಿಸಿತು.

"ಬಾಗ್ಲು... ತೆಗೀರಿ. ಅಸ್ಗರ್... ಇವತ್ತು... ಬರ್ತಾನಲ್ಲ?"

ಹಾಳೆ ಮಗುಚಿದ. ಕಣ್ಣು ಹಾಳೆಯ ಮೇಲಿರಲಿಲ್ಲ. "ಊಟಕ್ಕೆ... ಬರ್ತಾನಲ್ಲ?"

ದಿಲ್ಷಾದ್‌ಗೆ ಈಗ ತಿಳಿಯಿತು. ಏಳು ತಿಂಗಳು ಅವನು ಓದಿರಲೇ ಇಲ್ಲ, ಮಗ ಬರುತ್ತಾನಾ ಎಂದು ಕೇಳುತ್ತಿದ್ದ. ಅಕ್ಷರ ಮರೆತಿದ್ದನೋ, ಮಗನನ್ನು ಬೈದು ಅಟ್ಟಿದವನಿಗೆ ಪುಸ್ತಕದ ಮರೆಯಿಲ್ಲದೆ ಅವನ ಹೆಸರೆತ್ತಲು ನಾಚಿಕೆಯೋ. ಕೇಳಿದಾಗಲೆಲ್ಲ ತಾಯಿ ಮಗಳು ಹೂಂ ಅಂದಿದ್ದರು. ಅವನು ದಿನಾ ಬಾಗಿಲು ನೋಡುತ್ತ ಮಲಗಿದ್ದ.

ಈಗಲೂ ಒಂದು ಹೂಂ ಅಂದುಬಿಡಬಹುದಿತ್ತು. ಸುಳ್ಳು ಹೇಳಲೂ ತ್ರಾಣ ಬೇಕು, ಅದು ಆಕೆಯಲ್ಲಿ ಉಳಿದಿರಲಿಲ್ಲ.

"ಬರಲ್ಲ ಕಣ್ರೀ," ಅಂದಳು. "ಬರ್ತೀನಿ ಅಂತ ಅವ್ನು ಒಂದಿನಾನೂ ಹೇಳಿಕಳಿಸಿಲ್ಲ."

ತಾಜ್ ಪಾಷಾ ಪುಸ್ತಕ ಮಡಚಿ ಇಬ್ಬರತ್ತ ತಿರುಗಿದ.

"ಮತ್ತೆ... ದಿನಾ... ಹೂಂ ಅಂತಿದ್ರಲ್ಲ," ಎಂದ.

ಅಜೀಜಾ ತಲೆ ತಗ್ಗಿಸಿದಳು. ಆ ಮಾತಿಗೆ ಮಾತ್ರ ಇಬ್ಬರಲ್ಲಿ ಯಾರೂ ಹೂಂಗುಟ್ಟಲಿಲ್ಲ.