ನಾಲ್ಕನೆಯ ಮೇರಿ

"ಸಾಯೋದಕ್ಕೆ ಇವತ್ತೇ ಆಗಬೇಕಿತ್ತಾ ಆ ದರಿದ್ರದವಳಿಗೆ? ಸಂಜೆ ಎಂಟು ಜನ ಊಟಕ್ಕೆ ಬರ್ತಾರೆ!"

ಬ್ರಿಸ್ಟಲ್ ಪಟ್ಟಣದ ಆ ದೊಡ್ಡ ಮನೆಯ ಯಜಮಾನಿ ವೆದರಲ್ ಅಮ್ಮನವರು ಹೀಗೆ ಗದರಿದಾಗ, ಅಡುಗೆಯ ಡಾರ್ಕಸ್ ಹೆಬ್ಬಾತಿನ ಪುಕ್ಕ ಕೀಳುತ್ತಿದ್ದಳು. ಜ್ವರವೆಂದು ಆಸ್ಪತ್ರೆ ಸೇರಿದ್ದ ಮನೆಗೆಲಸದವಳು ತೀರಿಹೋದಳೆಂದು ಗಾಡಿ ಹೊಡೆಯುವ ಜಾಬ್ ಆಗಷ್ಟೇ ಸುದ್ದಿ ತಂದಿದ್ದ.

"ಸೋಮವಾರ ಹೊಸ ಮೇರಿ ಬರ್ತಾಳೆ," ಎಂದು ಅಮ್ಮನವರು ಮೆಟ್ಟಿಲು ಹತ್ತಿದರು.

ಆ ಮನೆಯಲ್ಲಿ ಕಸ ಗುಡಿಸಲು ಯಾರೇ ಬರಲಿ, ಹೆಸರು ಮೇರಿ. ಹೆಸರು ಬದಲಾದರೆ ಅಮ್ಮನವರ ನಾಲಿಗೆಗೆ ತ್ರಾಸ. ಸತ್ತವಳು ನಾಲ್ಕನೆಯ ಮೇರಿ. ಹೆತ್ತವಳು ಇಟ್ಟ ಹೆಸರು ಟ್ಯಾಮ್ಸಿನ್. ಹನ್ನೊಂದು ವರ್ಷ ದುಡಿದಳು, ಹನ್ನೊಂದು ವರ್ಷವೂ ಅಡುಗೆಮನೆಯನ್ನು ನಗಿಸಿದಳು.

"ತಲೆ ಮ್ಯಾಲೆ ಬಾಂಡ್ಲಿ ಮಡೀಕಂಡು, ಅಮ್ಮಾವ್ರಂಗೇ 'ಮೇರೀ, ನನ್ನ ಮೂಗು ಎಲ್ಲಿಟ್ಟೆ?' ಅಂತಿದ್ಳಲ್ಲಕ್ಕಾ!" ಎಂದು ಜಾಬ್ ನಕ್ಕ, ನಗುತ್ತಲೇ ಅತ್ತ.

"ಅಳ್ಬ್ಯಾಡ ಬುಡ್ಲಾ, ಬಡ್ಡೈದ್ನೆ. ಮಣ್ಣಿಗೆ ಹಾಕೋವಾಗ್ಲಾದ್ರೂ ಅವಳ ಸ್ವಂತ ಹೆಸ್ರು ಹೇಳುಸ್ಬೇಕು," ಎಂದಳು ಡಾರ್ಕಸ್.

ಡಾರ್ಕಸ್ ಮೇಲೆ ಹೋಗಿ ಕೇಳಿದಳು.

"ಆ ಕಾಡು ಹೆಸರು ನನ್ನ ಮನೆಯದಲ್ಲ," ಎಂದರು ಅಮ್ಮನವರು. "ಪಾದ್ರಿಗಳಿಗೆ ಮೇರಿ ಅಂತಲೇ ಹೇಳಿ ಕಳಿಸಿದ್ದೀನಿ. ಅಲ್ಲಿ ಬಾಯಿ ತೆರೆದರೆ, ನಡತೆ ಪತ್ರ ಇಲ್ಲದೆ ಬೀದಿಗೆ."

ನಡತೆ ಪತ್ರವಿಲ್ಲದ ಅರವತ್ತರ ಅಡುಗೆಯವಳನ್ನು ಯಾವ ಮನೆಯೂ ಸೇರಿಸುವುದಿಲ್ಲ. ಉಳಿಯುವುದು ದಿಕ್ಕಿಲ್ಲದವರ ದುಡಿಮೆಮನೆಯೊಂದೇ.

ಗುರುವಾರ ಹೂಳುವ ಹೊತ್ತಿಗೆ, ನಾಲ್ಕು ಜನ ನೋಡಲೆಂದು ಅಮ್ಮನವರೂ ಕಪ್ಪು ರೇಷ್ಮೆಯ ಗೌನು ತೊಟ್ಟು ಬಂದಿದ್ದರು.

"ನಮ್ಮ ಸಹೋದರಿ ಮೇರಿ..." ಪಾದ್ರಿಗಳು ಶುರುಮಾಡಿದರು.

"ಟ್ಯಾಮ್ಸಿನ್ನು, ಸ್ವಾಮೇರಾ," ಎಂದಳು ಡಾರ್ಕಸ್.

ಪಾದ್ರಿಗಳು ಕನ್ನಡಕದ ಮೇಲಿಂದ ನೋಡಿದರು. "ಮೇರಿಯ ಆತ್ಮ..."

"ಟ್ಯಾಮ್ಸಿನ್ನು!" ಈ ಸಲ ಜಾಬನ ದನಿಯೂ ಸೇರಿತು. ಗುಂಡಿ ತೋಡಿದವನು ಕಿಸಕ್ಕನೆ ನಕ್ಕ.

"ಡಾರ್ಕಸ್! ಇವತ್ತೇ ಮನೆ ಬಿಡು!" ಅಮ್ಮನವರು ಹಲ್ಲು ಕಡಿದರು.

"ಬುಡ್ತೀನ್ ಕಣವ್ವಾ. ಸಂಜೆ ಒಲೆ ನೀವೇ ಊದ್ಕಳಿ. ಬರೀ ಮೇರಿ ಅಂದ್ರೆ ದ್ಯಾವ್ರು ಯಾವ ಮೇರೀನ ಕರೀಬೇಕು? ನಿಮ್ಮನೇಲೇ ನಾಕ್ ಜನ ಆಗೋದ್ರು!"

ಪಾದ್ರಿಗಳ ತುಟಿಯ ಅಂಚು ಅದುರಿತು. ಕೆಮ್ಮಿ ಸಾವರಿಸಿಕೊಂಡು, "ನಮ್ಮ ಸಹೋದರಿ ಟ್ಯಾಮ್ಸಿನ್," ಎಂದರು.

ಡಾರ್ಕಸ್ ಹಿಡಿ ಮಣ್ಣು ಹಾಕಿ ಕಣ್ಣು ಮುಚ್ಚಿದಳು. "ತಂದೇ, ನಿನ್ನ ಮಗಳು ಟ್ಯಾಮ್ಸಿನ್ನು ಬತ್ತಾವ್ಳೆ. ಹೆಸ್ರಿಡಿದು ಕರಿ. ಮೊದ್ಲು ಕುಂತ್ಕಳಕ್ಕೆ ಹೇಳು, ಕಾಲು ನೊಂದದೆ. ಅವಳ ಜೀವಕ್ಕೆ ನೆಮ್ಮದಿ ಕೊಡಪ್ಪಾ. ಆಮೆನ್."