ಉಸಿರೆಳೆಯದ ಬಾಣಂತಿ

ನಾನು ಒಂದು ಗಾಮಾ ಕ್ಯಾಮೆರಾ, ಆಸ್ಪತ್ರೆಯಲ್ಲಿ ಮೈಯೊಳಗಿನ ಚಿತ್ರ ತೆಗೆಯುವ ಯಂತ್ರ. ಹೆಸರು ಕೇಳಿದರೇ ಜನ ಬೆವರುತ್ತಾರೆ. ನಿಜ ಹೇಳಬೇಕೆಂದರೆ ನನ್ನಂಥ ಪುಕ್ಕಲು ಯಂತ್ರ ಇನ್ನೊಂದಿಲ್ಲ.

ಹುಟ್ಟಿದ್ದು ಹೊರದೇಶದ ಕಾರ್ಖಾನೆಯಲ್ಲಿ. ನನಗೆ ಎರಡು ಚಪ್ಪಟೆ ತಲೆ, ನಡುವೆ ಒಂದು ಮಂಚ. ತಲೆಯೊಳಗೆ ದೊಡ್ಡ ಹರಳಿದೆ, ಅದೇ ನನ್ನ ಕಣ್ಣು. ಕೋಣೆ ತಟ್ಟನೆ ತಣ್ಣಗಾದರೂ ಸಾಕು, ಅದು ಬಿರುಕು ಬಿಡುತ್ತದೆ. ಹೀಗಾಗಿ ಹುಟ್ಟಿದಂದಿನಿಂದಲೂ ಜೀವ ಕೈಯಲ್ಲಿ ಹಿಡಿದೇ ಇದ್ದೇನೆ. ಎಂಟು ವರ್ಷ ಮುಂಬಯಿಯ ಆಸ್ಪತ್ರೆಯಲ್ಲಿ ದುಡಿದೆ. ಅಲ್ಲಿಗೆ ಹೊಸ ಯಂತ್ರ ಬಂದಾಗ ನನ್ನನ್ನು ಲಾರಿಗೆ ಹೇರಿ ಹುಬ್ಬಳ್ಳಿಗೆ ಕಳಿಸಿದರು. ದಾರಿಯ ಒಂದೊಂದು ಗುಂಡಿಗೂ ದೇವರನ್ನು ನೆನೆದೆ.

ಹುಬ್ಬಳ್ಳಿಯಲ್ಲಿ ನನ್ನನ್ನು ನಡೆಸುತ್ತಿದ್ದವಳು ಎಸ್ತರ್, ಗದಗ ಕಡೆಯ ಹೆಣ್ಣುಮಗಳು. ಬಂದವರಿಗೆಲ್ಲ ಅವಳು ಒಂದೇ ಪಾಠ ಹೇಳುತ್ತಿದ್ದಳು. ಈ ಯಂತ್ರ ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ, ಬರೀ ನೋಡುತ್ತದೆ. ಮೊದಲು ಕಿರಣ ಸೂಸುವ ಔಷಧಿ ಬೆರೆತ ಗಾಳಿಯನ್ನು ಕೊಳವೆಯಿಂದ ಎಳೆದುಕೊಳ್ಳಬೇಕು, ಒಂದು ಚಿತ್ರ. ಆಮೇಲೆ ಅಂಥದೇ ಔಷಧಿ ರಕ್ತಕ್ಕೆ ಸೇರಲು ತೋಳಿಗೆ ಸೂಜಿ, ಇನ್ನೊಂದು ಚಿತ್ರ. ಪುಪ್ಪುಸದಲ್ಲಿ ಗಾಳಿ ಹೋದ ಜಾಗಕ್ಕೆ ರಕ್ತ ಹೋಗಿಲ್ಲವೆಂದರೆ ಅಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಅನುಮಾನ. ಅಲುಗಾಡಬಾರದು, ಅಷ್ಟೇ. ಅವರು ತಲೆಯಾಡಿಸುತ್ತಿದ್ದರು. ಆದರೆ ನನ್ನ ತಲೆ ಎದೆಯ ಹತ್ತಿರ ಇಳಿಯುತ್ತಿದ್ದಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನಗೂ ಮುಚ್ಚಿಕೊಳ್ಳುವ ಆಸೆ. ಒಳಗೆ ಏನು ಕಾಣುತ್ತದೋ ಎಂಬ ಭಯ ನನಗೆ ಎಂದೂ ಹೋಗಲಿಲ್ಲ.

ಒಂದು ಮಧ್ಯಾಹ್ನ ದಾಕ್ಷಾಯಣಿಯನ್ನು ಗಾಲಿಕುರ್ಚಿಯಲ್ಲಿ ತಂದರು. ಹನ್ನೊಂದು ದಿನದ ಬಾಣಂತಿ. ಕಿವಿಗೆ ಅರಳೆ, ತಲೆಗೆ ಬಟ್ಟೆ, ಮಾತಾಡಿದರೆ ಏದುಸಿರು. ಜೊತೆಗೆ ತಾಯಿ ನೀಲವ್ವ. ಹೊರಗೆ ಚಿಗವ್ವನ ತೊಡೆಯ ಮೇಲೆ ಕೂಸು ಅಳುತ್ತಿತ್ತು. ಎಸ್ತರ್ ತನ್ನ ಪಾಠ ಒಪ್ಪಿಸಿ ಔಷಧಿ ತರಲು ಪಕ್ಕದ ಕೋಣೆಗೆ ಹೋದಳು. ಆಗ ನೀಲವ್ವ ಮಗಳ ಮೇಲೆ ಬಾಗಿ ಪಿಸುಗುಟ್ಟಿದಳು.

"ಅದನ್ನ ಎಳಕೋಬ್ಯಾಡ. ಎಳದಂಗ ಮಾಡು. ಕೂಸಿನ ಹಾಲು ಕೆಡತೈತಿ."

ಮಗಳು ತಾಯಿಯ ಮಾತು ಮೀರಲಿಲ್ಲ. ಎಸ್ತರ್ ಮೂಗಿಗೆ ಕ್ಲಿಪ್ ಹಾಕಿ ಕೊಳವೆ ಬಾಯಿಗಿಟ್ಟಳು. ದಾಕ್ಷಾಯಣಿ ತುಟಿ ಸಡಿಲಿಸಿ, ಹೊರಗಿನ ಗಾಳಿಯನ್ನೇ ಸಂದಿಯಿಂದ ಎಳೆದುಕೊಂಡಳು. ನಾನು ನೋಡಿದೆ, ಎದೆ ಪೂರಾ ಖಾಲಿ. ಇದೇ ಚಿತ್ರ ಮುಂದೆ ಹೋದರೆ ಡಾಕ್ಟರಿಗೆ ಗಾಳಿಯೂ ತಿಳಿಯದು, ಹೆಪ್ಪೂ ತಿಳಿಯದು. ಹೆಪ್ಪು ಒಳಗೇ ಕುಳಿತು ಈ ಹುಡುಗಿಯನ್ನು ಯಾವ ಗಳಿಗೆಯಲ್ಲಾದರೂ ಕೊಂಡೊಯ್ಯಬಹುದು. ನನಗೆ ಎಲ್ಲ ಗೊತ್ತು, ಬಾಯಿ ಮಾತ್ರ ಇಲ್ಲ. ಅಂದಿನಷ್ಟು ನಾನು ಎಂದೂ ಹೆದರಿಲ್ಲ.

ಎಸ್ತರ್ ಪರದೆ ನೋಡಿದಳು, ಕೊಳವೆ ನೋಡಿದಳು, ಆಮೇಲೆ ನೀಲವ್ವನ ಮುಖ ನೋಡಿದಳು. ಬೈಯಲಿಲ್ಲ.

"ಅವ್ವಾರ, ಹಾಲಿಂದ ಚಿಂತಿ ಐತಿ ಹೌದಿಲ್ಲೋ? ನಾಳೆ ಮುಂಜಾನಿ ತನಕ ಹಾಲು ಹಿಂಡಿ ಚೆಲ್ರಿ, ಆಮ್ಯಾಲೆ ಕುಡಸ್ರಿ. ಆದ್ರ ಈಕಿ ಈಗ ಉಸಿರು ಎಳೀಲಿಲ್ಲಂದ್ರ ನಮಗೇನೂ ಕಾಣಂಗಿಲ್ಲ."

ನೀಲವ್ವ ಕೂಸು ಅಳುತ್ತಿದ್ದ ಬಾಗಿಲ ಕಡೆ ನೋಡಿ, ಮಗಳಿಗೆ ಹೂಂ ಎಂದು ತಲೆಯಾಡಿಸಿದಳು. ದಾಕ್ಷಾಯಣಿ ನೋವಿಗೆ ಮುಖ ಕಿವುಚುತ್ತ ಎಳೆದಳು. ಗಾಳಿ ಎರಡೂ ಪುಪ್ಪುಸಕ್ಕೆ ಇಳಿಯಿತು. ಆಮೇಲೆ ಸೂಜಿ. ಆ ಚಿತ್ರದಲ್ಲಿ ಬಲಗಡೆ ಕೆಳಗೆ, ಅಂಗೈಯಗಲದ ಜಾಗಕ್ಕೆ ರಕ್ತ ಹೋಗಲೇ ಇಲ್ಲ.

ಡಾಕ್ಟರ್ ಓಡಿಬಂದರು. ರಕ್ತ ತೆಳುವಾಗಿಸುವ ಔಷಧಿ ಬರೆಯುತ್ತ, ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದಳು, ಎದ್ದು ಓಡಾಡುತ್ತಿದ್ದಳೋ ಇಲ್ಲವೋ ಎಂದು ವಿಚಾರಿಸಿದರು. ಎರಡು ಲೋಟ ಎಂದಳು ನೀಲವ್ವ. ಬಾಣಂತಿಗೆ ನೀರು ಹೆಚ್ಚು ಕೊಡಬಾರದು, ಹಗ್ಗದ ಹೊರಸು ಬಿಟ್ಟು ಕೆಳಗೆ ಇಳಿಸಬಾರದು, ತನ್ನ ಅವ್ವನೂ ತನಗೆ ಹಾಗೇ ಮಾಡಿದ್ದಳು ಎಂದಳು. ಹೆರಿಗೆಯಾದ ಮೇಲೆ ಹೆಪ್ಪುಗಟ್ಟುವ ಭಯ ಮೊದಲೇ ಇರುತ್ತದೆ, ನೀರಿಲ್ಲದೆ ಮಲಗಿಸಿದರೆ ಅದು ಇನ್ನೂ ಹೆಚ್ಚು ಎಂದು ಡಾಕ್ಟರ್ ಮೆಲ್ಲಗೆ ಹೇಳಿದರು. ಮಗಳನ್ನು ಒಯ್ದ ಮೇಲೆ ನೀಲವ್ವ ನನ್ನ ಖಾಲಿ ಮಂಚ ಹಿಡಿದು ನಿಂತಳು.

"ನೀರೂ ಕೊಡಲಿಲ್ಲ, ಉಸಿರೂ ಎಳೀಬ್ಯಾಡ ಅಂದೆ," ಎಂದಳು. ಯಾರಿಗೆ ಹೇಳಿದಳೋ, ಅಲ್ಲಿ ನಾನೊಬ್ಬನೇ ಇದ್ದೆ.

ದಾಕ್ಷಾಯಣಿ ಉಳಿದಳು. ಮೂರು ತಿಂಗಳಿಗೆ ಮತ್ತೆ ಬಂದು ಎದೆ ತುಂಬ ಉಸಿರೆಳೆದಳು. ಖಾಲಿ ಜಾಗ ತುಂಬಿಕೊಂಡಿತ್ತು. ತಾಯಿ ಯಾಕೆ ಬಂದಿಲ್ಲ ಎಂದು ಎಸ್ತರ್ ಕೇಳಿದಳು.

ಈಗ ನನ್ನ ಹರಳು ಬಿರುಕುಬಿಟ್ಟಿದೆ. ನೆಲಮಾಳಿಗೆಯಲ್ಲಿ ಮುರುಕು ಮಂಚಗಳ ನಡುವೆ ಗುಜರಿಯವನ ದಾರಿ ಕಾಯುತ್ತಿದ್ದೇನೆ. ಇನ್ನು ಯಾರ ಎದೆಯೊಳಗೂ ನೋಡಬೇಕಾಗಿಲ್ಲ ಎಂಬುದೇ ದೊಡ್ಡ ನೆಮ್ಮದಿ. ಆದರೂ ದಾಕ್ಷಾಯಣಿ ಅಂದು ಕೊಟ್ಟ ಉತ್ತರ ಬಿಡುವುದಿಲ್ಲ.

"ಬಾ ಅಂದ್ರೂ ಬರಲಿಲ್ರಿ. ಅವ್ವ ಈಗ ಯಾರಿಗೂ ಏನೂ ಹೇಳಂಗಿಲ್ರಿ. ಕೂಸಿಗೆ ಎಣ್ಣಿ ಹಚ್ಚಾಕೂ ನನ್ನ ಕೇಳತಾಳ."