ಅರ್ಧಕ್ಕಿಳಿದ ಬಿಲ್ಲು

ಕರೆಂಟ್ ಬಿಲ್ಲು ಒಮ್ಮೆಲೇ ಅರ್ಧಕ್ಕಿಳಿದದ್ದೇ ತಪ್ಪಾಯಿತು. ತಪಾಸಣೆಗೆ ಬಂದ ಮೀಟರಿನವನು ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದ.

“ಯಜಮಾನ್ರೇ, ಬಿಲ್ ಜಾಸ್ತಿ ಬಂತು ಅಂತ ಊರೆಲ್ಲ ಬಾಯಿ ಬಡ್ಕೊಳ್ಳುತ್ತೆ. ನಿಮ್ಮನೆ ಮೀಟರ್ ಮಾತ್ರ ಉಪವಾಸ ಮಾಡ್ತಿದೆಯಲ್ಲ! ಕಳ್ಳ ವೈರ್ ಎಲ್ಲಿದೆ ಹೇಳ್ಬಿಡಿ. ಇಲ್ಲಾಂದ್ರೆ ಲೈನ್ ಕತ್ತರಿಸಿ ಹೋಗ್ತೀನಿ.”

ಅಪ್ಪ ಬಾಗಿಲ ಕಡೆ ತಿರುಗಿ ನೋಡಿದರು. ಮರೆಯಲ್ಲಿದ್ದ ಮಗಳು ತಲೆ ತಗ್ಗಿಸಿದಳು. ಕಾರಣ ಇಬ್ಬರಿಗೂ ಗೊತ್ತಿತ್ತು. ಒಂದೂವರೆ ತಿಂಗಳಿಂದ ಅದನ್ನು ಒಬ್ಬರಿಗೊಬ್ಬರು ಕೂಡ ಬಾಯಿಬಿಟ್ಟು ಹೇಳಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಲ್ಲುವ ಮೊದಲೇ ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ಒಳಕೋಣೆಗೆ ಓಡಿದರು. ಮಗಳು ಉಸಿರಿನ ಯಂತ್ರದಿಂದ ಕೊಳವೆ ಬಿಡಿಸಿದಳು, ಅಪ್ಪ ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ ಕೈ ಹಾಕಿದರು. ಎರಡು ವರ್ಷ, ಕರೆಂಟ್ ಹೋದಾಗಲೆಲ್ಲ ಮಾಡಿದ ಕೆಲಸ. ಮಂಚ ಖಾಲಿಯಿತ್ತು.

ಹಿಂದೆಯೇ ಬಂದ ಮೀಟರಿನವನು ಹೊಸ್ತಿಲಲ್ಲೇ ನಿಂತುಬಿಟ್ಟ.

“ಅಮ್ಮ ಹೋಗ್ಬಿಟ್ರು ಅಣ್ಣಾ,” ಎಂದಳು ಮಗಳು. “ಇನ್ಮೇಲೆ ನಮ್ಮನೆ ಬಿಲ್ಲು ಇಷ್ಟೇ ಬರೋದು.”

ಅವನು ‘ಮೀಟರ್ ಸರಿಯಿದೆ’ ಎಂದು ಬರೆದುಕೊಂಡು ಹೊರಟ. ಅಪ್ಪ ಇನ್ನೂ ವಾಲ್ವನ್ನು ಹಿಡಿದೇ ಇದ್ದರು. ಮಗಳು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.